ಹಿಡಿ ಶೇಂಗಾ, ಹಿಡಿ ಚಿತ್ರ

ಶೇಂಗಾ ಸುಗ್ಗಿಯ ದಿನಗಳಲ್ಲಿ ಚಳ್ಳಕೆರೆಯ ಮಾರುಕಟ್ಟೆಯ ಪ್ರಾಂಗಣದಲ್ಲಿ ನಿಂತವರೆಲ್ಲರೂ ಕಂಡಿರತಕ್ಕ ದೃಶ್ಯವೊಂದುಂಟು. ಖರೀದಿದಾರನು ರಾಶಿಯೊಳಕ್ಕೆ ಮೊಣಕೈಯವರೆಗೂ ಕೈಯಿಳಿಸಿ, ತಳದಿಂದ ಒಂದು ಹಿಡಿ ಕಾಯಿ ತೆಗೆದು, ಅಂಗೈಯಲ್ಲೇ ಸುಲಿದು, ಬೀಜದ ತುಂಬು, ತೇವ, ಬಣ್ಣಗಳನ್ನು ಪರೀಕ್ಷಿಸಿ, ಆ ಒಂದು ಹಿಡಿಯಿಂದಲೇ ಇಡೀ ರಾಶಿಯ ಬೆಲೆಯನ್ನು ನಿಶ್ಚಯಿಸುತ್ತಾನೆ. ಎಣ್ಣೆಗಿರಣಿಗಳಿಂದ ಹೆಸರಾದ ಈ ಊರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರ ಮಗನಾಗಿ ಬೆಳೆದು, ಮುಂದೆ ಫೋಟೋ ಸ್ಟುಡಿಯೋ ಇಟ್ಟುಕೊಂಡ ನನಗೆ, ಸ್ಪರ್ಧೆಗಳಿಗೂ ಏಜೆನ್ಸಿಗಳಿಗೂ ಚಿತ್ರಗಳನ್ನು ಕಳುಹಿಸುವುದೆಂದರೆ ಈ ಹಿಡಿ ಶೇಂಗಾದ ವ್ಯವಹಾರವೇ ಸರಿ ಎಂಬುದು ಅರಿವಾಗಲು ಬಹಳ ವರ್ಷಗಳು ಬೇಕಾದುವು. ಹತ್ತೊ ಹದಿನೈದೊ ಚಿತ್ರಗಳ ಒಂದು ಪೋರ್ಟ್‌ಫೋಲಿಯೋ ನೋಡಿ ಅವರು ನಮ್ಮ ರಾಶಿಯನ್ನೆಲ್ಲ ಅಳೆಯುತ್ತಾರೆ. ಆದರೆ ರೈತನು ತನ್ನ ಪಟ್ಟಿಯಲ್ಲಿ ಹಮಾಲಿಯೆಷ್ಟು, ತೂಕದ ಕೂಲಿಯೆಷ್ಟು ಎಂದು ಬೆರಳಿಟ್ಟು ಕೇಳುವ ಹಾಗೆ ನಾವು ಛಾಯಾಗ್ರಾಹಕರು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ತಂದೆಯವರು ಬಿಟ್ಟುಹೋದ ಅಭ್ಯಾಸವೊಂದು ಮಾತ್ರ ನನ್ನಲ್ಲಿ ಉಳಿದಿತ್ತು. ದಿನದ ಕಿರ್ದಿಯನ್ನು ಅಂದಂದೇ ಬರೆಯುವುದು. ಸ್ಪರ್ಧೆಗಳ ಹುಮ್ಮಸ್ಸು ಅತ್ಯಂತ ಮೇಲೇರಿದ್ದ ಒಂದು ವರ್ಷದ ಪುಟಗಳನ್ನು ಮೊನ್ನೆ ತೆರೆದು ಕೂಡಿಸಿದೆನು. ಆ ವರ್ಷ 23 ಸಲಾನ್‌ಗಳಿಗೆ, ಎಂದರೆ ಛಾಯಾಚಿತ್ರಗಳ ಸ್ಪರ್ಧಾಪ್ರದರ್ಶನಗಳಿಗೆ, ಕಟ್ಟಿದ ಪ್ರವೇಶಶುಲ್ಕ 41,600 ರೂಪಾಯಿ. ಮುದ್ರಿತ ಪ್ರತಿಗಳಿಗೂ ಕೊರಿಯರಿಗೂ ತೆತ್ತದ್ದು 9,350. ಪ್ರತಿಯಾಗಿ ಬಂದದ್ದು ಚಿತ್ರವು ಪ್ರದರ್ಶನಕ್ಕೆ ಆಯ್ಕೆಯಾಯಿತೆಂಬ 31 ಸ್ವೀಕೃತಿಗಳು, ಒಂದು ಪದಕ, ಎರಡು ಪ್ರಶಸ್ತಿಪತ್ರ ಮತ್ತು 3,000 ರೂಪಾಯಿ ನಗದು. ಒಂದೊಂದು ಸ್ವೀಕೃತಿಯ ಬೆಲೆ ಸುಮಾರು 1,640 ರೂಪಾಯಿ ಆಯಿತೆಂದು ಕಂಡಾಗ, ಆ ಹಣವನ್ನು ನಾನು ಕಳೆದುಕೊಂಡೆನೆಂದು ಅನ್ನಿಸಲಿಲ್ಲ. ತಪ್ಪಾದ ಖಾತೆಯಲ್ಲಿ ಬರೆದಿದ್ದೆನೆಂದು ಅನ್ನಿಸಿತು. ಅದನ್ನು ಬಂಡವಾಳವೆಂದು ಬರೆದಿದ್ದೆನು. ಬರೆಯಬೇಕಾಗಿದ್ದುದು ವಿದ್ಯಾಭ್ಯಾಸದ ಖರ್ಚೆಂದು.

ಸಲಾನ್‌ಗಳ ಸಂಪ್ರದಾಯವನ್ನು ನಾನು ಲಘುವಾಗಿ ಕಾಣುವವನಲ್ಲ. ಕರ್ನಾಟಕದ ಛಾಯಾಗ್ರಹಣವು ದೊಡ್ಡದಾಗಿ ಬೆಳೆದುದೇ ಆ ದಾರಿಯಲ್ಲಿ. ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಪ್ರಯತ್ನದಿಂದ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವು ಹುಟ್ಟಿತು, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಕೀರ್ತಿಯು ದೇಶದ ಎಲ್ಲೆಯನ್ನು ದಾಟಿತು. ಅಪರಿಚಿತರಾದ ಮೂವರು ತೀರ್ಪುಗಾರರ ಮುಂದೆ ನಮ್ಮ ಚಿತ್ರವು ಕೆಲವೇ ಕ್ಷಣ ನಿಂತು, ಅಷ್ಟರಲ್ಲೇ ಸೋಲುವುದರಿಂದ ಕಲಿಯತಕ್ಕದ್ದು ಬಹಳವಿದೆ. ಆದರೆ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್ ಕೊಡುವ ಬಿರುದುಗಳಿಗೆ ಹಲವು ದೇಶಗಳ ಸ್ವೀಕೃತಿಗಳು ನಿಗದಿತ ಸಂಖ್ಯೆಯಲ್ಲಿ ಬೇಕಾಗುವುದರಿಂದ, ಬಿರುದನ್ನು ಬಯಸುವವನು ವರ್ಷ ವರ್ಷವೂ ಶುಲ್ಕ ಕಟ್ಟುತ್ತಲೇ ಇರಬೇಕೆಂಬುದನ್ನು ಮೊದಲೇ ತಿಳಿದು ಹೊರಡುವುದು ಲೇಸು. ಶುಲ್ಕದ ಹಿರಿಮೆಗೂ ಸ್ಪರ್ಧೆಯ ಹಿರಿಮೆಗೂ ಸಂಬಂಧವಿಲ್ಲವೆಂಬುದೂ ನೆನಪಿರಲಿ. 1955ರಲ್ಲಿ ಆರಂಭವಾದ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಗೆ ಪ್ರವೇಶಶುಲ್ಕವೇ ಇಲ್ಲ.

ಇನ್ನು ಚಿತ್ರಗಳನ್ನು ಮಾರಿಕೊಡುವ ಏಜೆನ್ಸಿಗಳ ವಿಷಯ. ಮೈಸೂರಿನ ಟಿ. ಎಸ್. ಸತ್ಯನ್ ಅವರು ದೇಶವಿದೇಶದ ಪತ್ರಿಕೆಗಳಿಗೆ ಚಿತ್ರ ಕಳುಹಿಸಿ, ಅದರಿಂದಲೇ ಸಂಸಾರ ನಡೆಯಿಸಿ, 1977ರಲ್ಲಿ ಪದ್ಮಶ್ರೀ ಪಡೆದರು. ಆದರೆ ಆ ಕಾಲದಲ್ಲಿ ಒಂದು ಚಿತ್ರಕ್ಕೆ ಒಬ್ಬ ಸಂಪಾದಕನು ಇರುತ್ತಿದ್ದನು. ಇಂದು ಕೋಟ್ಯಂತರ ಚಿತ್ರಗಳ ನಡುವೆ ನಮ್ಮದೂ ಒಂದು. ಶಟರ್‌ಸ್ಟಾಕ್ ಸಂಸ್ಥೆಯು 2020ರಲ್ಲಿ ಜಾರಿಗೆ ತಂದ ಕ್ರಮದಂತೆ ಛಾಯಾಗ್ರಾಹಕನ ಪಾಲು ನೂರಕ್ಕೆ 15ರಿಂದ ತೊಡಗಿ, ಮಾರಾಟ ಹೆಚ್ಚಿದಂತೆ 40ರವರೆಗೆ ಏರುತ್ತದೆ. ಜನವರಿ ಒಂದರಂದು ಮತ್ತೆ ಮೊದಲ ಮೆಟ್ಟಿಲಿಗೆ ಬರುತ್ತದೆ. ನಮ್ಮ ಮಂಡಿಯಲ್ಲಿ ನೂರು ರೂಪಾಯಿಯ ಮಾಲಿಗೆ ಎಂಬತ್ತೈದು ರೂಪಾಯಿ ಕಡಿತವಾದರೆ ರೈತನು ಏನು ಮಾಡುವನೆಂಬುದನ್ನು ನಾನು ಬರೆಯಬೇಕಾಗಿಲ್ಲ. ಏಜೆನ್ಸಿಯು ಗಿರಾಕಿಯನ್ನು ಹುಡುಕಿ ಕೊಡುತ್ತದೆಯೆಂಬುದೇನೋ ದಿಟ. ಆದ್ದರಿಂದ ಅಲ್ಲಿಗೆ ಎಂಥ ಚಿತ್ರವನ್ನು ಕಳುಹಿಸಬೇಕು, ಎಂಥದನ್ನು ಕಳುಹಿಸಬಾರದು ಎಂಬ ವಿವೇಕವೇ ಇಲ್ಲಿ ಹಣಕಾಸಿನ ವಿವೇಕವಾಗುತ್ತದೆ.

ನಾನು ಮೊದಲು ಕಳುಹಿಸಿದ್ದು ನುಂಕೆಮಲೆಯ ಸೂರ್ಯಾಸ್ತ, ಮಂಜಿನ ಹನಿ, ಗುಲಾಬಿ. ಅವು ಯಾವ ಊರಿನವೂ ಆಗಬಹುದಾಗಿದ್ದುದರಿಂದ ಯಾರಿಗೂ ಬೇಕಾಗಲಿಲ್ಲ. ಎರಡನೆಯ ವರ್ಷ, ಚಳ್ಳಕೆರೆಯ ಕಂಬಳಿ ನೇಯುವವರು, ಕಾವಲಿನ ಅಮೃತಮಹಲ್ ದನಗಳು, ಶೇಂಗಾ ಒಣಹಾಕಿದ ಕಣ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು, ಇವುಗಳ ಚಿತ್ರಗಳಿಗೆ ಊರು, ತಿಂಗಳು, ಕೆಲಸದ ಹೆಸರುಗಳನ್ನು ಬಿಡದೆ ಬರೆದು ಕಳುಹಿಸಿದಾಗ ಒಂದೊಂದಾಗಿ ಮಾರಾಟವಾದುವು. ಅವುಗಳಲ್ಲಿ ಮುಖ ಕಾಣುವವರ ಒಪ್ಪಿಗೆಪತ್ರವಿಲ್ಲದಿದ್ದರೆ ಏಜೆನ್ಸಿಯು ಆ ಚಿತ್ರವನ್ನು ಜಾಹೀರಾತಿಗೆ ಮಾರುವುದಿಲ್ಲ. ಸುದ್ದಿ, ಪಠ್ಯ ಮುಂತಾದ ಉಪಯೋಗಗಳಿಗೆ ಮಾತ್ರ ಮೀಸಲಿಡುತ್ತದೆ. ಮತ್ತೊಂದು ಎಚ್ಚರ ಸ್ಟುಡಿಯೋ ನಡೆಯಿಸುವವರಿಗೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಒಬ್ಬರು ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆತನವು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು, ತೆಗೆದವನದಲ್ಲ. ಮದುವೆಯಲ್ಲಿ ತೆಗೆದ ಮದುಮಗಳ ಸೊಗಸಾದ ಚಿತ್ರವನ್ನು ತೆಗೆಸಿದವರನ್ನು ಕೇಳದೆ ಪೋರ್ಟ್‌ಫೋಲಿಯೋಗೆ ಸೇರಿಸಕೂಡದು.

ಈಗ, ಈ ಅಂಕಣವನ್ನು ನಾನು ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ಮೊಳಕಾಲ್ಮೂರಿನಲ್ಲಿ, ತಾಯಿಯ ತವರುಮನೆಯ ಬೀದಿಯಲ್ಲಿ, ರೇಷ್ಮೆ ಸೀರೆ ನೇಯುವ ಹಿರಿಯರೊಬ್ಬರಿದ್ದಾರೆ. ಅವರ ಮಗ್ಗದ ಮೇಲೆ ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದು, ಲಾಳಿ ಹಿಡಿದ ಕೈಯೂ ಅಂಚಿನ ಕೆಂಪೂ ಒಟ್ಟಿಗೆ ಬೆಳಗುವ ಚಿತ್ರವೊಂದನ್ನು ನಾಲ್ಕು ಬೆಳಗು ಕಾದು ತೆಗೆದಿದ್ದೆನು. ಅದನ್ನು 500 ರೂಪಾಯಿ ಶುಲ್ಕ ಕಟ್ಟಿ ಒಂದು ಸ್ಪರ್ಧೆಗೆ ಕಳುಹಿಸಿದೆನು. ಬಹುಮಾನ ಬರಲಿಲ್ಲ. ಮರುವರ್ಷ ಆ ಸ್ಪರ್ಧೆಯವರ ಕ್ಯಾಲೆಂಡರಿನ ಆಗಸ್ಟ್ ತಿಂಗಳಿನಲ್ಲಿ ಚಿತ್ರವಿತ್ತು. ಆ ಹಿರಿಯರ ಹೆಸರೂ ಇಲ್ಲ, ನನ್ನದೂ ಇಲ್ಲ. ನಿಯಮಗಳ ಹಾಳೆಯನ್ನು ಆಗ ತೆಗೆದು ಓದಿದೆನು. ಬಹುಮಾನ ಬರಲಿ ಬಿಡಲಿ, ಬಂದ ಎಲ್ಲ ಚಿತ್ರಗಳನ್ನೂ ಎಲ್ಲೆಡೆಯೂ ಎಂದೆಂದಿಗೂ ಬಳಸುವ ಹಕ್ಕು ಆಯೋಜಕರದೆಂದು ಹನ್ನೆರಡನೆಯ ಕಲಮಿನಲ್ಲಿ ಬರೆದಿತ್ತು. ಕೆಳಗೆ ನಾನು ಒಪ್ಪಿದ ಗುರುತಿತ್ತು. ಕೃತಿಸ್ವಾಮ್ಯ ಕಾಯಿದೆಯ 19ನೆಯ ಪ್ರಕರಣವು, ಹಕ್ಕನ್ನು ಬರೆದುಕೊಡುವ ಪತ್ರದಲ್ಲಿ ಅವಧಿ ಕಾಣಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತವೆಂದೂ ಎಣಿಸಿ ನಮ್ಮನ್ನು ಕಾಪಾಡುತ್ತದೆ. ನಾವೇ ಎಂದೆಂದಿಗೂ ಎಂದು ಒಪ್ಪಿಕೊಂಡ ಮೇಲೆ ಆ ಆಸರೆಯೂ ಉಳಿಯುವುದಿಲ್ಲ. ಕೆಲವು ತಿಂಗಳ ಬಳಿಕ ಪ್ರಕಾಶಕರೊಬ್ಬರು ಅದೇ ಚಿತ್ರವನ್ನು ಪುಸ್ತಕದ ಮುಖಪುಟಕ್ಕೆ, ಬೇರೆಲ್ಲಿಯೂ ಬಳಕೆಯಾಗಬಾರದೆಂಬ ಕರಾರಿನ ಮೇಲೆ, 18,000 ರೂಪಾಯಿಗೆ ಕೇಳಿದರು. ಕ್ಯಾಲೆಂಡರಿನ ವಿಷಯ ತಿಳಿಸಿದೆನು. ಅವರು ಹಿಂದೆ ಸರಿದರು. 500 ಕೊಟ್ಟು 18,000ವನ್ನು ಕಳೆದುಕೊಂಡ ಲೆಕ್ಕ ಅದು.

ಕ್ಯಾಲೆಂಡರ್ ಹೇಗೋ ಆ ಹಿರಿಯರ ಮನೆಗೂ ಬಂದಿತ್ತು. ನಾನು ಹೋದಾಗ ಅವರು ಮಗ್ಗ ನಿಲ್ಲಿಸದೆ ಕೇಳಿದರು: "ಇದಕ್ಕೆ ನಿಂಗೆಷ್ಟು ಬಂತಪ್ಪಾ?" ಏನೂ ಬರಲಿಲ್ಲವೆಂದೆನು. ಅವರು ನನ್ನನ್ನು ನಂಬಿದರೆಂದೇ ತೋರಿತು. ಆದರೆ ಅವರ ಮುಂದೆ ಕುಳಿತ ನನಗೆ, ಭೌಗೋಳಿಕ ಸೂಚಕದ ಮಾನ್ಯತೆಯಿಂದ ಆ ಸೀರೆಗೆ ಊರಿನ ಹೆಸರು ಭದ್ರವಾಗಿರುವಾಗ, ಅದನ್ನು ನೇಯುವ ಕೈಯನ್ನು ನಾನು ಹೆಸರಿಲ್ಲದೆ ಕೊಟ್ಟುಬಂದೆನಲ್ಲಾ ಎಂಬ ಸಂಕಟ ಬಹಳ ದಿನ ಹೋಗಲಿಲ್ಲ.

ಅದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ. ಎಲ್. ರೈಸ್ ಅವರು ಲೋಕಕ್ಕೆ ತಿಳಿಸಿಕೊಟ್ಟ ಅಶೋಕನ ಶಾಸನವಿದೆ. ಚಕ್ರವರ್ತಿಯ ಮಾತುಗಳು ಬ್ರಾಹ್ಮೀ ಲಿಪಿಯಲ್ಲಿ ಮುಗಿದ ಮೇಲೆ, ಬರೆದ ಲಿಪಿಕಾರನಾದ ಚಪಡನು ತನ್ನ ಹೆಸರನ್ನು ಕಾಣಿಸಿ, ಲಿಪಿಕಾರನೆಂಬ ಪದವನ್ನು ಮಾತ್ರ ದೂರದ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ ಕೆತ್ತಿಸಿದ್ದಾನೆ. ಅರಸನ ಅಪ್ಪಣೆಯಲ್ಲೂ ಬರೆದವನ ಹೆಸರು ಉಳಿದ ತಾಲ್ಲೂಕು ನನ್ನ ತಾಯಿಯ ತವರು. ಆ ಬಂಡೆಯ ಮುಂದೆ ನಿಂತು ಬಂದ ದಿನದಿಂದ, ಸ್ಟುಡಿಯೋದಿಂದ ಹೊರಹೋಗುವ ಪ್ರತಿಯೊಂದು ಚಿತ್ರದ ಕಡತದೊಳಗೆ ತೆಗೆದವನ ಹೆಸರನ್ನೂ, ಒಪ್ಪಿದಲ್ಲಿ ಚಿತ್ರದಲ್ಲಿರುವವರ ಹೆಸರನ್ನೂ, ಊರನ್ನೂ ಬರೆದೇ ಕಳುಹಿಸುತ್ತೇನೆ. ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿಯ ಬಳಿಕ ಛಾಯಾಚಿತ್ರದ ಹಕ್ಕು ತೆಗೆದವನ ಜೀವಮಾನವೂ ಆಮೇಲೆ 60 ವರ್ಷವೂ ಉಳಿಯುತ್ತದೆ. ಹೊಲದಂತೆ ಮಕ್ಕಳಿಗೆ ಬರುವ ಸ್ವತ್ತನ್ನು ಸ್ಪರ್ಧೆಯ ಹನ್ನೆರಡನೆಯ ಕಲಮಿಗೆ ಬರೆದುಕೊಡುವುದು ನ್ಯಾಯವಲ್ಲವೆಂಬುದೇ ನನ್ನ ನಿಲುವು.

ಈಗ ವರ್ಷಕ್ಕೆ ಆರು ಸ್ಪರ್ಧೆಗಳಿಗಿಂತ ಹೆಚ್ಚಿಗೆ ಕಳುಹಿಸುವುದಿಲ್ಲ. ಶುಲ್ಕಕ್ಕೆ 8,000 ರೂಪಾಯಿಯನ್ನು ಯುಗಾದಿಯಂದೇ ತೆಗೆದಿಟ್ಟು, ಅದು ಮುಗಿದ ದಿನ ನಿಲ್ಲಿಸುತ್ತೇನೆ. ಹಕ್ಕಿನ ಕಲಮು ಬಹುಮಾನಿತ ಚಿತ್ರಗಳಿಗೆ, ಸ್ಪರ್ಧೆಯ ಪ್ರಚಾರಕ್ಕೆ, ನಿಗದಿಯಾದ ಅವಧಿಗೆ ಮಾತ್ರ ಸೀಮಿತವಾಗಿಲ್ಲದಿದ್ದರೆ ಎಷ್ಟು ದೊಡ್ಡ ಬಹುಮಾನವಿದ್ದರೂ ಹಾಳೆಯನ್ನು ಮಡಿಸಿಡುತ್ತೇನೆ. ಕಳೆದ ಮಾಘದಲ್ಲಿ ಆ ಮಗ್ಗದ ಇನ್ನೊಂದು ಚಿತ್ರವು ಪಠ್ಯಪುಸ್ತಕವೊಂದಕ್ಕೆ 6,000 ರೂಪಾಯಿಗೆ ಹೋಯಿತು. 2,000ವನ್ನು ಮೊಳಕಾಲ್ಮೂರಿಗೆ ಕೊಂಡುಹೋಗಿ ಹಿರಿಯರ ಕೈಗಿತ್ತು, ಕಿರ್ದಿಯಲ್ಲಿ ಅವರ ಹೆಸರಿಗೆ ಖರ್ಚು ಬರೆದಿದ್ದೇನೆ. ಪುಸ್ತಕದಲ್ಲಿ ಚಿತ್ರದ ಕೆಳಗೆ ಇಬ್ಬರ ಹೆಸರೂ ಅಚ್ಚಾಗಿದೆ.