ಕಡತದಲ್ಲಿ ಕಾಡು, ನೆಲದಲ್ಲಿ ಕಟ್ಟಡ: ಕೊಂಢವಾ ಪ್ರಕರಣದ ಅಧ್ಯಯನ

ಪುಣೆ ನಗರದ ಕೊಂಢವಾ ಬುದ್ರುಕ್ ಪ್ರದೇಶದ ಸರ್ವೆ ನಂಬರ್ 21ರಲ್ಲಿ 32 ಎಕರೆ 35 ಗುಂಟೆ ಭೂಮಿಯನ್ನು 1879ರಲ್ಲಿ ಮೀಸಲು ಅರಣ್ಯವೆಂದು ಘೋಷಿಸಲಾಯಿತು. 1934ರಲ್ಲಿ ಅದರೊಳಗಿನ 3 ಎಕರೆ 20 ಗುಂಟೆಯನ್ನು ಮಾತ್ರ ಮೀಸಲಿನಿಂದ ಬಿಡುಗಡೆ ಮಾಡಲಾಯಿತು. ಉಳಿದ 29 ಎಕರೆ 15 ಗುಂಟೆ, ಅಂದರೆ 11.89 ಹೆಕ್ಟೇರ್, ಕಾನೂನಿನ ದೃಷ್ಟಿಯಲ್ಲಿ ಅರಣ್ಯವಾಗಿಯೇ ಉಳಿಯಿತು. ಆದರೆ ಅದರ ಸ್ವಾಧೀನವಿದ್ದುದು ಕಂದಾಯ ಇಲಾಖೆಯ ಕೈಯಲ್ಲಿ. ತೊಡಕಿನ ಮೂಲ ಇಲ್ಲಿದೆ.

1998ರಲ್ಲಿ ರಾಜ್ಯದ ಕಂದಾಯ ಇಲಾಖೆಯು ಈ ಭೂಮಿಯನ್ನು ಪುನರ್ವಸತಿಯ ಹೆಸರಿನಲ್ಲಿ ಖಾಸಗಿಯವರಿಗೆ ವ್ಯವಸಾಯಕ್ಕೆಂದು ನೀಡಿತು. ಅನಂತರ ಅದು ಗೃಹನಿರ್ಮಾಣ ಸಹಕಾರ ಸಂಘವೊಂದರ ಪಾಲಾಯಿತು. 2007ರಲ್ಲಿ ಕೇಂದ್ರದ ಪರಿಸರ ಸಚಿವಾಲಯವೇ ನಿರ್ಮಾಣಕ್ಕೆ ಅನುಮತಿ ನೀಡಿತು. ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸುವ ಮುನ್ನ ಕೇಂದ್ರದ ಪೂರ್ವಾನುಮತಿ ಅಗತ್ಯವೆಂದು 1980ರ ಅರಣ್ಯ ಸಂರಕ್ಷಣಾ ಕಾಯಿದೆ ವಿಧಿಸಿದ್ದರೂ, ಪ್ರತಿಯೊಂದು ಕಚೇರಿಯೂ ತನ್ನ ಮುಂದಿನ ಕಡತವನ್ನಷ್ಟೇ ನೋಡಿತು.

ಇಂತಹ ಸಂದರ್ಭದಲ್ಲಿ ಇಲಾಖೆಗಳ ಹೊರಗೆ ನಿಂತು ಪರಿಶೀಲಿಸುವ ಸಂಸ್ಥೆ ಬೇಕಾಗುತ್ತದೆ. ಸರ್ಕಾರದ ಲೆಕ್ಕಪತ್ರಗಳಿಗೆ ಸಂಬಂಧಿಸಿದಂತೆ ಈ ಕಾರ್ಯವನ್ನು ಸಂವಿಧಾನದ 148ನೇ ವಿಧಿಯಂತೆ ನೇಮಕಗೊಳ್ಳುವ ನಿಯಂತ್ರಕ ಮತ್ತು ಮಹಾಲೇಖಪಾಲರು ನಿರ್ವಹಿಸುತ್ತಾರೆ. ಅರಣ್ಯಗಳ ವಿಷಯದಲ್ಲಿ, ಗೋದಾವರ್ಮನ್ ಪ್ರಕರಣದ ವಿಚಾರಣೆಯ ವೇಳೆ, ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿಯನ್ನು ರಚಿಸಿತು. ಸಮಿತಿ ತೀರ್ಪು ನೀಡುವುದಿಲ್ಲ. ದೂರುದಾರರನ್ನೂ ಇಲಾಖೆಗಳನ್ನೂ ಆಲಿಸಿ, ಹಳೆಯ ಅಧಿಸೂಚನೆಗಳನ್ನು ಹಾಲಿ ದಾಖಲೆಗಳೊಡನೆ ಹೋಲಿಸಿ, ಅಗತ್ಯವಿದ್ದಲ್ಲಿ ಸ್ಥಳಕ್ಕೇ ತೆರಳಿ, ಕಂಡದ್ದನ್ನು ಶಿಫಾರಸಿನೊಡನೆ ವರದಿ ಮಾಡುತ್ತದೆ.

ಕನ್ನಡ ನಾಡಿಗೆ ಈ ಸಮಿತಿ ಅಪರಿಚಿತವಲ್ಲ. 2011ರಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳ ಗಡಿಯನ್ನು ಜಂಟಿ ತಂಡವೊಂದು ಅಳೆಯಿತು. ಗುತ್ತಿಗೆಯ ನಕ್ಷೆ ಎಲ್ಲಿಗೆ ಮುಗಿಯುತ್ತದೆ, ಅಗೆದ ಹೊಂಡ ಎಲ್ಲಿಗೆ ಮುಗಿಯುತ್ತದೆ ಎಂಬ ಸರಳ ಪ್ರಶ್ನೆಯೇ ಅದರ ಅಳತೆಗೋಲು. ಅದರ ಆಧಾರದ ಮೇಲೆ ಸಮಿತಿಯು 166 ಗುತ್ತಿಗೆಗಳನ್ನು ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿತು: 'ಎ' ವರ್ಗದಲ್ಲಿ 45, 'ಬಿ'ಯಲ್ಲಿ 72, 'ಸಿ'ಯಲ್ಲಿ 49. 'ಸಿ' ವರ್ಗದ ಗುತ್ತಿಗೆಗಳ ರದ್ದತಿಯನ್ನು ನ್ಯಾಯಾಲಯವು 2013ರ ಏಪ್ರಿಲ್ 18ರಂದು ಅಂಗೀಕರಿಸಿತು. ವರ್ಷಗಟ್ಟಲೆ ವಾದಕ್ಕೆ ಸಿಕ್ಕದಿದ್ದುದು ಅಳತೆಗೆ ಸಿಕ್ಕಿತೆನ್ನಬಹುದು.

ಕೊಂಢವಾದಲ್ಲಿ ಅಳೆಯಬೇಕಾಗಿದ್ದುದು ಹೊಂಡವನ್ನಲ್ಲ, ಕಾಗದವನ್ನು. ಪುಣೆಯ ನಾಗರಿಕ ಸಂಘಟನೆಯೊಂದು ತಂದ ದೂರಿನ ಮೇಲೆ ಸಮಿತಿಯು ವಿಚಾರಣೆ ನಡೆಸಿತು. ಆ ಭೂಮಿ ಮೀಸಲು ಅರಣ್ಯವೇ ಅಲ್ಲವೇ ಎಂಬ ವಿವಾದಕ್ಕೆ 2025ರ ಮೇ 15ರಂದು ಸರ್ವೋಚ್ಚ ನ್ಯಾಯಾಲಯವು ಅಂತಿಮ ಉತ್ತರ ನೀಡಿತು. ಹಂಚಿಕೆಯೂ 2007ರ ಅನುಮತಿಯೂ ಅಸಿಂಧುವಾದವು. ಮೂರು ತಿಂಗಳೊಳಗೆ ಭೂಮಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ರಾಜಕಾರಣಿಗಳು, ಅಧಿಕಾರಿಗಳು ಹಾಗೂ ಕಟ್ಟಡ ನಿರ್ಮಾಪಕರ ಕೂಟಕ್ಕೆ ಇದು ನಿದರ್ಶನವೆಂದು ತೀರ್ಪು ಬಣ್ಣಿಸಿತು.

ಪರಿಶೀಲಿಸುವ ಸಂಸ್ಥೆ ಎಷ್ಟರಮಟ್ಟಿಗೆ ಸ್ವತಂತ್ರ ಎಂಬ ಪ್ರಶ್ನೆಯೂ ಉಂಟು. 2023ರ ಅಧಿಸೂಚನೆಯಿಂದ ಸಮಿತಿಗೆ ಶಾಶ್ವತ ಸ್ವರೂಪ ದೊರೆಯಿತು. ಅದರೊಡನೆ ಸದಸ್ಯರ ನೇಮಕ ಕೇಂದ್ರ ಸರ್ಕಾರದ ಕೈಗೆ ಬಂದಿತು. ಶಿಫಾರಸನ್ನು ಒಪ್ಪದಿದ್ದಲ್ಲಿ ಸರ್ಕಾರ ಲಿಖಿತವಾಗಿ ಕಾರಣ ನೀಡಬೇಕು, ಆದರೆ ಕೇಂದ್ರದ ನಿರ್ಧಾರವೇ ಅಂತಿಮ. ಇದು ಸಣ್ಣ ಬದಲಾವಣೆಯಲ್ಲ. ಇಂತಹ ಸಂಸ್ಥೆಗಳು ಪಾರದರ್ಶಕವಾಗಿಯೂ ಉತ್ತರದಾಯಿಗಳಾಗಿಯೂ ಇರಬೇಕೆಂದು 2024ರ ಜನವರಿ 31ರ ತೀರ್ಪಿನಲ್ಲಿ ನ್ಯಾಯಾಲಯವು ಒತ್ತಿ ಹೇಳಿದೆ.

ಕೊಂಢವಾದ ಒಂದು ಸರ್ವೆ ನಂಬರಿನಲ್ಲಿ ಕಂಡ ದೋಷ ಬೇರೆಡೆಯೂ ಇರಬಹುದೆಂದು ಭಾವಿಸಿದ ನ್ಯಾಯಾಲಯವು, ಪ್ರತಿ ರಾಜ್ಯವೂ ವಿಶೇಷ ತನಿಖಾ ತಂಡ ರಚಿಸಿ, ಕಂದಾಯ ಇಲಾಖೆಯ ಸ್ವಾಧೀನದಲ್ಲಿರುವ ಮೀಸಲು ಅರಣ್ಯವು ಖಾಸಗಿಯವರಿಗೆ ಹೋಗಿದೆಯೇ ಎಂದು ಪರಿಶೀಲಿಸಬೇಕೆಂದು ವಿಧಿಸಿತು. ಹಾಗೆ ಹೋದುದನ್ನು ಮರಳಿ ಪಡೆಯಬೇಕು. ಮರಳಿ ಪಡೆಯುವುದು ಸಾರ್ವಜನಿಕ ಹಿತಕ್ಕೆ ಒಗ್ಗದಿದ್ದಲ್ಲಿ ಪಡೆದವರಿಂದ ಭೂಮಿಯ ಬೆಲೆಯನ್ನು ವಸೂಲು ಮಾಡಿ ಅರಣ್ಯಾಭಿವೃದ್ಧಿಗೆ ಬಳಸಬೇಕು.