ಟಾನ್ಸಿಲ್ ಆಪರೇಷನ್: ರಕ್ತಸ್ರಾವಕ್ಕೂ ಸೀಸನ್ ಇದ್ಯಾ?

ಸೆಮಿಸ್ಟರ್ ರಜೆಯಲ್ಲಿ ಟಾನ್ಸಿಲ್ ತೆಗೆಸಬೇಕಿದ್ದ ನಮ್ಮ ಗೆಳೆಯನಿಗೆ ಊರಲ್ಲಿ ಯಾರೋ ಹೇಳಿದ್ರಂತೆ: "ಬೇಸಿಗೇಲಿ ಬೇಡಪ್ಪ, ರಕ್ತ ಜಾಸ್ತಿ ಹೋಗುತ್ತೆ." ಅವನು ಡೇಟ್ ಮುಂದೂಡೋಕೆ ಹೊರಟ. ನಾವು ಹಾಸ್ಟೆಲ್ ರೂಮಲ್ಲಿ ಕೂತು ಲೆಕ್ಕ ಹಾಕಿದೆವು.

ಮೊದಲು ವಿಷಯ. ಆಪರೇಷನ್ ಆದ 24 ಗಂಟೆಯೊಳಗೆ ರಕ್ತ ಬಂದರೆ ಪ್ರಾಥಮಿಕ ರಕ್ತಸ್ರಾವ, ಆಮೇಲೆ ಬಂದರೆ ದ್ವಿತೀಯಕ. ಎರಡನೆಯದು ಹೆಚ್ಚಾಗಿ 5ರಿಂದ 10ನೇ ದಿನದ ನಡುವೆ, ಗಾಯದ ಮೇಲಿನ ಬಿಳಿ ಪೊರೆ ಕಳಚುವಾಗ ಆಗುತ್ತದೆ. 2003-04ರಲ್ಲಿ ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ ಸುಮಾರು 34 ಸಾವಿರ ರೋಗಿಗಳ ಲೆಕ್ಕ ತೆಗೆದಾಗ ಶೇ. 3.5ರಷ್ಟು ಮಂದಿಗೆ ರಕ್ತಸ್ರಾವ ಆಗಿತ್ತು.

ಈಗ ಸೀಸನ್ ಪ್ರಶ್ನೆ. ಇಲ್ಲಿ ಎಡವೋ ಜಾಗ ಮೂರು.

1. ಛೇದ ಮರೆಯುವುದು. ಜನವರಿಯಲ್ಲಿ 100 ಆಪರೇಷನ್, 4 ರಕ್ತಸ್ರಾವ. ಮೇನಲ್ಲಿ 300 ಆಪರೇಷನ್, 12 ರಕ್ತಸ್ರಾವ ಅಂತ ಇಟ್ಕೊಳ್ಳಿ. "ಮೂರು ಪಟ್ಟು!" ಅನ್ಸುತ್ತೆ. ಆದರೆ ಎರಡೂ ಶೇ. 4 ತಾನೇ? ಶಾಲೆಗೆ ರಜೆ ಇದ್ದಾಗ ಆಪರೇಷನ್‌ಗಳೇ ಜಾಸ್ತಿ ಆದರೆ ಹೀಗಾಗುತ್ತೆ.

2. ಬೇರೆ ಬೇರೆ ಗುಂಪುಗಳನ್ನು ಹೋಲಿಸುವುದು. ಮಕ್ಕಳಿಗಿಂತ ದೊಡ್ಡವರಲ್ಲಿ ಈ ರಕ್ತಸ್ರಾವ ಹೆಚ್ಚು. ಒಂದು ತಿಂಗಳಲ್ಲಿ ಮಕ್ಕಳೇ ಜಾಸ್ತಿ, ಇನ್ನೊಂದರಲ್ಲಿ ದೊಡ್ಡವರೇ ಜಾಸ್ತಿ ಇದ್ದರೆ, ನಾವು ನೋಡ್ತಿರೋದು ಹವಾಮಾನವನ್ನಲ್ಲ, ವಯಸ್ಸನ್ನು.

3. ಆಕಸ್ಮಿಕವನ್ನು ಕಾರಣ ಅಂದುಕೊಳ್ಳುವುದು. ತಿಂಗಳಿಗೆ 200 ಆಪರೇಷನ್, ಶೇ. 3.5 ಅಂದರೆ ಸರಾಸರಿ 7. ಪಾಯ್ಸಾನ್ ಪ್ರಕಾರ ಸ್ಟ್ಯಾಂಡರ್ಡ್ ಡೀವಿಯೇಷನ್ √7, ಅಂದರೆ ಸುಮಾರು 2.6. ಹಾಗಾಗಿ ಒಂದು ತಿಂಗಳು 2, ಇನ್ನೊಂದು ತಿಂಗಳು 12 ಬಂದರೂ ಬಿಸಿಲನ್ನು ದೂರಬೇಕಿಲ್ಲ. ಆದರೆ ಆ 12ರ ತಿಂಗಳನ್ನು ಡಾಕ್ಟರೂ ಮರೆಯಲ್ಲ, ಊರೂ ಮರೆಯಲ್ಲ.

ಬೇರೆ ಬೇರೆ ದೇಶಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಕೆಲವರಿಗೆ ಋತುವಿನ ವ್ಯತ್ಯಾಸ ಕಂಡಿದೆ, ಕೆಲವರಿಗೆ ಕಂಡಿಲ್ಲ. ಒಬ್ಬರದ್ದು ಇನ್ನೊಬ್ಬರಿಗೆ ತಾಳೆಯಾಗಲ್ಲ. ಅಂದರೆ ಕ್ಯಾಲೆಂಡರ್ ನೋಡಿ ಹೆದರೋಷ್ಟು ಗಟ್ಟಿ ಆಧಾರ ಇಲ್ಲ.

ನಿಜವಾಗಿ ನೋಡಬೇಕಾದ್ದು ತಿಂಗಳನ್ನಲ್ಲ, ದಿನವನ್ನು. ಆಪರೇಷನ್ ಆಗಿ ಒಂದು ವಾರ ಕಳೆದಾಗ "ಹುಷಾರಾದೆ" ಅಂತ ದೂರದ ಬಸ್ ಹತ್ತಬಾರದು. ಬಾಯಲ್ಲಿ ಕೆಂಪು ರಕ್ತ ಕಂಡರೆ, ಸ್ವಲ್ಪವೇ ಆದರೂ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು. ಚಿಕ್ಕ ಮಕ್ಕಳು ರಕ್ತ ನುಂಗಿಬಿಡ್ತಾರೆ. ಪದೇ ಪದೇ ಗುಟುಕರಿಸ್ತಿದ್ದರೆ ಅನುಮಾನ ಪಡಬೇಕು.

ಗೆಳೆಯ ಡಾಕ್ಟರನ್ನು ಕೇಳಿ ಅದೇ ಡೇಟ್ ಉಳಿಸಿಕೊಂಡ. 5ರಿಂದ 10ನೇ ದಿನದವರೆಗೆ ರಾತ್ರಿ ಯಾರ ಬೈಕಲ್ಲ, ಯಾರ ಕಾರು ಸಿಗುತ್ತೆ ಅಂತ ನಾವು ಪಟ್ಟಿ ಮಾಡಿಟ್ಟಿದ್ದೇವೆ.