ಕತ್ತಿನ ಕೂದಲು: ತೆಗೆಯುವ ಬಗೆ ಯಾವುದು?

ಶಹಾಬಾದ, ವಾಡಿ, ಚಿತ್ತಾಪುರಗಳಿಂದ ಸೇಡಂ ಬಳಿಯ ಕೋಡ್ಲಾದವರೆಗೆ ನೆಲದಡಿಯಲ್ಲಿ ಹರಡಿರುವುದು ಸುಣ್ಣಕಲ್ಲು. ಮನೆಗೆ ಹಾಸುವ ಶಹಾಬಾದ ಕಲ್ಲು, ಕಾರ್ಖಾನೆಯ ಸಿಮೆಂಟು, ಎರಡಕ್ಕೂ ಇದೇ ಮೂಲ. ಇದಕ್ಕೂ ಕತ್ತಿನ ಮೇಲಿನ ಬೇಡದ ಕೂದಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ಅದಕ್ಕೆ ನೀರು ಹಾಕಿದರೆ ಅರಳಿದ ಸುಣ್ಣವಾಗುತ್ತದೆ. ಚರ್ಮ ಹದಮಾಡುವವರು ತೊಗಲಿನ ಕೂದಲನ್ನು ಸಡಿಲಿಸಲು ಬಹುಕಾಲದಿಂದ ಬಳಸಿರುವುದು ಈ ಸುಣ್ಣವನ್ನೇ. ಕೂದಲು ತೆಗೆಯುವ ಅನೇಕ ಲೇಪಗಳಲ್ಲಿಯೂ ಇದು ಸೇರಿರುತ್ತದೆ. ಆದರೆ ತೊಗಲು ನಿರ್ಜೀವವಾದುದು, ನಮ್ಮ ಕತ್ತಿನ ಚರ್ಮ ಸಜೀವವಾದುದು. ಆದುದರಿಂದ ವಿಧಾನವನ್ನು ಆರಿಸುವ ಮುನ್ನ ಕೂದಲಿನ ರಚನೆಯನ್ನು ತಿಳಿಯುವುದು ಅವಶ್ಯ.

ಚರ್ಮದ ಹೊರಗೆ ಕಾಣುವ ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ಎಳೆ. ಅದನ್ನು ಬೆಳೆಸುವ ಸಜೀವ ಬುಡವು ಚರ್ಮದೊಳಗಿನ ರೋಮಕೂಪದ ತಳದಲ್ಲಿರುತ್ತದೆ. ಒಂದು ವಿಧಾನವು ಕೂದಲನ್ನು ಎಲ್ಲಿ ತಾಕುತ್ತದೆ ಎಂಬುದರ ಮೇಲೆ ಅದರ ಗುಣದೋಷಗಳು ನಿಂತಿವೆ.

ಕತ್ತರಿಸುವುದು. ಕತ್ತರಿಸುವ ಯಂತ್ರವು ಕೂದಲನ್ನು ಚರ್ಮದಿಂದ ತುಸು ಮೇಲೆಯೂ, ಕ್ಷೌರದ ಅಲಗು ಚರ್ಮದ ಮಟ್ಟದಲ್ಲಿಯೂ ಕತ್ತರಿಸುತ್ತವೆ. ಕ್ಷೌರದಿಂದ ಕೂದಲು ದಪ್ಪವಾಗುವುದೆಂಬ ಮಾತು ನಿಜವಲ್ಲ. 1928ರಲ್ಲಿಯೇ ಮಿಲ್ಡ್ರೆಡ್ ಟ್ರಾಟರ್ ಅಳತೆಮಾಡಿ ಇದನ್ನು ತೋರಿಸಿದರು. ಅಲಗು ತಾಕುವುದು ನಿರ್ಜೀವ ಎಳೆಗೆ. ಬುಡಕ್ಕೆ ಅದರ ಸುಳಿವೇ ಇಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತೋರುತ್ತದೆ, ಅಷ್ಟೆ.

ಕರಗಿಸುವುದು. ಕೆರಟಿನ್ನಿಗೆ ಬಲ ಕೊಡುವುದು ಅದರಲ್ಲಿರುವ ಗಂಧಕದ ಬಂಧಗಳು. ಲೇಪದಲ್ಲಿನ ಸುಣ್ಣದಂಥ ಕ್ಷಾರವು ಕೂದಲನ್ನು ಉಬ್ಬಿಸುತ್ತದೆ. ಥಯೋಗ್ಲೈಕೊಲೇಟ್ ಎಂಬ ಲವಣವು ಆ ಬಂಧಗಳನ್ನು ಮುರಿಯುತ್ತದೆ. ಚರ್ಮದ ಹೊರಪದರದಲ್ಲಿಯೂ ಕೆರಟಿನ್ ಇದೆ, ಆದರೆ ಗಂಧಕದ ಬಂಧಗಳು ಕಡಿಮೆ. ಆದುದರಿಂದ ಕೂದಲು ಮೊದಲು ಸೋಲುತ್ತದೆ. ಹೇಳಿದ ಕಾಲಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಚರ್ಮದ ಸರದಿಯೂ ಬರುತ್ತದೆ. ಬರಿಯ ಸುಣ್ಣವನ್ನು ಕತ್ತಿಗೆ ಬಳಿಯುವುದಂತೂ ಸುಟ್ಟ ಗಾಯಕ್ಕೆ ದಾರಿ. ಹಿಂದೆ ಸುಣ್ಣದೊಡನೆ ಸೇರಿಸುತ್ತಿದ್ದ ಹರಿತಾಳವು ಆರ್ಸೆನಿಕ್ಕಿನ ಸಂಯುಕ್ತ, ವಿಷ.

ಕೀಳುವುದು. ದಾರ, ಚಿಮುಟ, ಮೇಣಗಳು ಕೂದಲನ್ನು ಬುಡದಿಂದ ಎಳೆಯುತ್ತವೆ. ರೋಮಕೂಪವು ಉಳಿಯುವುದರಿಂದ ಕೆಲವು ವಾರಗಳಲ್ಲಿ ಕೂದಲು ಮರಳಿ ಬರುತ್ತದೆ.

ಬುಡವನ್ನು ನಾಶಮಾಡುವುದು. ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹರಿಸಿದರೆ ಋಣಧ್ರುವದ ಬಳಿ ಕಾಸ್ಟಿಕ್ ಸೋಡಾ ಉಂಟಾಗುವುದನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ರೋಮಕೂಪಕ್ಕೆ ಸೂಜಿಯನ್ನು ಇಳಿಸಿ ಇದೇ ಕ್ರಿಯೆಯಿಂದ ಬುಡವನ್ನು ಅಳಿಸುವ ವಿಧಾನವನ್ನು ಅಮೆರಿಕದ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್ 1875ರಲ್ಲಿ ಪ್ರಕಟಿಸಿದರು. ಇದಕ್ಕೆ ಒಂದೊಂದೇ ಕೂದಲನ್ನು ಹಿಡಿಯಬೇಕು. ಲೇಸರಿನ ಬೆಳಕನ್ನು ಕೂದಲಿನ ಮೆಲನಿನ್ ಎಂಬ ವರ್ಣದ್ರವ್ಯವು ಹೀರಿ ಬಿಸಿಯಾಗುತ್ತದೆ. ಕೂದಲು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಕಪ್ಪು ಚರ್ಮದಲ್ಲಿಯೂ ಆ ದ್ರವ್ಯ ಹೇರಳವಾಗಿರುವುದರಿಂದ ಚರ್ಮವೂ ಸುಡಬಹುದು. ನಮ್ಮಂಥವರಿಗೆ 1064 ನ್ಯಾನೊಮೀಟರ್ ತರಂಗದ ಲೇಸರ್ ಹೆಚ್ಚು ಕ್ಷೇಮಕರ. ಅದೂ ಚರ್ಮವೈದ್ಯರ ಕೈಯಲ್ಲಿ. ನರೆತ ಕೂದಲಿಗೆ ಇದು ಉಪಯೋಗವಾಗದು.

ಕತ್ತಿನ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಕೂದಲು ಬೇರೆ ಬೇರೆ ದಿಕ್ಕಿಗೆ ಬಾಗಿರುತ್ತದೆ. ಬೇಸಗೆಯ ಬೆವರು, ಅಂಗಿಯ ಪಟ್ಟಿಯ ಉಜ್ಜಾಟ ಬೇರೆ. ಗುಂಗುರು ಕೂದಲನ್ನು ಬಹಳ ನುಣ್ಣಗೆ ಬೋಳಿಸಿದಾಗ ತುದಿಯು ಬಾಗಿ ಚರ್ಮವನ್ನೇ ಚುಚ್ಚಿಕೊಂಡು ಗುಳ್ಳೆಯಾಗುತ್ತದೆ. ಹಿಂಗತ್ತಿನ ಗುಳ್ಳೆಗಳು ಕೆಲವು ಯುವಕರಲ್ಲಿ ಗಟ್ಟಿಯಾದ ಗಂಟುಗಳಾಗಿ ಉಳಿಯುವುದೂ ಉಂಟು.

ಆದಕಾರಣ ಗುಳ್ಳೆಯೇಳುವವರು ಯಂತ್ರದಿಂದ ತುಸು ಉದ್ದ ಉಳಿಸಿ ಕತ್ತರಿಸುವುದು ಲೇಸು. ಕ್ಷೌರ ಮಾಡಿಸುವವರು ಕೂದಲನ್ನು ನೆನೆಸಿ, ಅದು ಬೆಳೆದ ದಿಕ್ಕಿನಲ್ಲಿಯೇ ಅಲಗನ್ನು ಎಳೆಯಿಸಬೇಕು. ಪ್ರತಿ ಸಲವೂ ಹೊಸ ಅಲಗನ್ನೇ ಕೇಳಬೇಕು, ಏಕೆಂದರೆ ರಕ್ತ ತಗುಲಿದ ಅಲಗಿನಿಂದ ಹೆಪಟೈಟಿಸ್ ಬಿ ಹರಡಬಲ್ಲದು. ಲೇಪವನ್ನು ಮೊದಲು ತೋಳಿನ ಮೇಲೆ ಪರೀಕ್ಷಿಸಿ, ಒಂದು ದಿನ ಕಾಯಬೇಕು.

ತರುಣಿಯರ ಗದ್ದ, ಕತ್ತುಗಳಲ್ಲಿ ಒರಟು ಕೂದಲು ಹೊಸದಾಗಿ ಮೂಡಿ, ಮುಟ್ಟೂ ಕ್ರಮತಪ್ಪಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಅಂಡಾಶಯದ ತೊಂದರೆಯಿಂದ ಹಾರ್ಮೋನುಗಳ ಸಮತೋಲ ಕೆಟ್ಟಿರಬಹುದು. ಅಂಥಲ್ಲಿ ಕೂದಲನ್ನು ಮಾತ್ರ ತೆಗೆಯುತ್ತಿದ್ದರೆ ಕಾರಣವು ಹಾಗೆಯೇ ಉಳಿದು, ಚಿಕಿತ್ಸೆ ತಡವಾಗುತ್ತದೆ.